ಮದ್ದೂರಿನಿಂದ ಬೆಂಗಳೂರಿಗೆ ದಿನವೂ ಓಡಾಡುವವರು ಯಾವ ಬಸ್ಸನ್ನು ನಂಬಬೇಕು?

ಪ್ರಶ್ನೆ: ನಮ್ಮದು ಮದ್ದೂರು ತಾಲ್ಲೂಕಿನ ಗೆಜ್ಜಲಗೆರೆಗೆ ಹತ್ತಿರದ ಹಳ್ಳಿ. ಮುಂದಿನ ತಿಂಗಳಿನಿಂದ ನನಗೆ ಬೆಂಗಳೂರಿನ ಇಂದಿರಾನಗರದಲ್ಲಿ ಕೆಲಸ. ಬೆಳಿಗ್ಗೆ ಹತ್ತಕ್ಕೆ ಕಚೇರಿಯಲ್ಲಿರಬೇಕು. ತಮ್ಮನಿಗೂ ಬಿಡದಿಯ ಕಾರ್ಖಾನೆಯೊಂದರಲ್ಲಿ ಕೆಲಸವಾಗಿದೆ. ಬೆಂಗಳೂರಿನಲ್ಲಿ ಮನೆ ಮಾಡುವ ಶಕ್ತಿ ಸದ್ಯಕ್ಕೆ ನಮಗಿಲ್ಲ. ಎಕ್ಸ್‌ಪ್ರೆಸ್‌ವೇ ಆದ ಮೇಲೆ ಮೈಸೂರು ಬಸ್ಸುಗಳು ಮದ್ದೂರಿನೊಳಗೆ ಬರುವುದು ಕಡಿಮೆಯಾಗಿದೆ. ದಿನವೂ ಬಸ್ಸನ್ನು ನಂಬಿಕೊಂಡು ಕೆಲಸಕ್ಕೆ ಹೋಗಬಹುದೇ? ರೈಲು ವಾಸಿಯೇ? ಊರಿನ ಕೆಲವರು ಖಾಸಗಿ ಗಾಡಿಗಳಲ್ಲಿ ತಲೆಗಿಷ್ಟು ಕೊಟ್ಟು ಹೋಗುತ್ತಾರೆ, ಅದು ಸರಿಯೇ?

ಉತ್ತರ: ಬಸ್ಸನ್ನು ನಂಬಬಹುದು. ಆದರೆ ನೀವು ನಂಬಬೇಕಾದದ್ದು ಮೈಸೂರಿನ ಬಸ್ಸನ್ನಲ್ಲ, ಮದ್ದೂರು ಮತ್ತು ಮಂಡ್ಯ ಡಿಪೊಗಳ ಬಸ್ಸನ್ನು. ನಡುವಿನ ಊರುಗಳ ಜನ ಇಂದು ಪಡುವ ಬವಣೆಯಲ್ಲಿ ಅರ್ಧದಷ್ಟು ಈ ವ್ಯತ್ಯಾಸ ತಿಳಿಯದೆ ಇರುವುದರಿಂದ ಬಂದದ್ದು. ಆದ್ದರಿಂದ ಮೊದಲು ಅದನ್ನೇ ವಿವರಿಸುತ್ತೇನೆ.

ಹಿಂದೆ ಬೆಂಗಳೂರು–ಮೈಸೂರು ರಸ್ತೆ ಬಿಡದಿ, ರಾಮನಗರ, ಚನ್ನಪಟ್ಟಣ, ಮದ್ದೂರು, ಮಂಡ್ಯ, ಶ್ರೀರಂಗಪಟ್ಟಣ ಈ ಎಲ್ಲ ಊರುಗಳ ಹೊಟ್ಟೆಯೊಳಗಿನಿಂದಲೇ ಹಾದು ಹೋಗುತ್ತಿತ್ತು. ತಡೆರಹಿತ ಎಂದು ಬರೆದುಕೊಂಡ ಬಸ್ಸೂ ಮದ್ದೂರಿನ ಪೇಟೆಯನ್ನು ದಾಟಲೇಬೇಕಿತ್ತು. ಚಾಲಕ ಮನಸ್ಸು ಮಾಡಿದರೆ ನಿಲ್ಲಿಸುತ್ತಿದ್ದ, ನೀವು ಹತ್ತುತ್ತಿದ್ದಿರಿ. ಹಾಗಾಗಿ ನಿಮ್ಮ ಊರಿಗೆಂದೇ ಬಸ್ಸು ಎಷ್ಟಿದೆ ಎಂದು ಯಾರೂ ಲೆಕ್ಕ ಹಾಕುತ್ತಿರಲಿಲ್ಲ. ಹಾದುಹೋಗುವ ಬಸ್ಸುಗಳೇ ಸಾಕಷ್ಟಿದ್ದವು. 2023ರ ಮಾರ್ಚ್ 12ರಂದು ನಿಮ್ಮ ಗೆಜ್ಜಲಗೆರೆಯ ಸಮಾರಂಭದಲ್ಲೇ ಪ್ರಧಾನಿಯವರು ಉದ್ಘಾಟಿಸಿದ, ಸುಮಾರು 118 ಕಿ.ಮೀ. ಉದ್ದದ ಆರು ಪಥದ ರಸ್ತೆ ಈ ಲೆಕ್ಕವನ್ನು ಬುಡಮೇಲು ಮಾಡಿತು. ಬಿಡದಿ, ರಾಮನಗರ–ಚನ್ನಪಟ್ಟಣ, ಮದ್ದೂರು, ಮಂಡ್ಯ, ಶ್ರೀರಂಗಪಟ್ಟಣ ಹೀಗೆ ಐದು ಕಡೆ ಬೈಪಾಸ್. ಮೈಸೂರಿಗೆ ಹೋಗುವ ಬಸ್ಸು ಈಗ ಊರಿನ ಹೊರಗಿನಿಂದಲೇ ಸಾಗಿಬಿಡುತ್ತದೆ. ಎರಡು ತುದಿಯವರಿಗೆ ಪ್ರಯಾಣದ ಹೊತ್ತು ಉಳಿಯಿತು, ನಡುವಿನವರಿಗೆ ಕಾಯುವ ಹೊತ್ತು ಬೆಳೆಯಿತು. ರಸ್ತೆಯ ಯೋಜನೆ ಮಾಡುವಾಗಲೇ ನಡುವಿನ ಪಟ್ಟಣಗಳ ಬಸ್ ಸೇವೆಯ ಯೋಜನೆಯನ್ನೂ ಜೊತೆಗೆ ಮಾಡಬೇಕಿತ್ತು ಎಂಬುದು ನನ್ನ ಖಚಿತ ಅಭಿಪ್ರಾಯ.

ಹಳೆಯ ರಸ್ತೆ ಎಲ್ಲಿಗೂ ಹೋಗಿಲ್ಲ. ಊರೊಳಗಿನ ಹಳೆಯ ಹೆದ್ದಾರಿ, ಅದಕ್ಕೆ ಕೂಡಿಕೊಂಡಂತೆ ಎಕ್ಸ್‌ಪ್ರೆಸ್‌ವೇಯ ಎರಡೂ ಬದಿಯ ಸರ್ವಿಸ್ ರಸ್ತೆ, ಇವೆರಡೂ ಸೇರಿ ಈಗ ನಿಮ್ಮ ಬಸ್ಸಿನ ದಾರಿ. ಅದರಲ್ಲಿ ಓಡುವವು ಕರ್ನಾಟಕ ರಾಜ್ಯ ರಸ್ತೆ ಸಾರಿಗೆ ನಿಗಮದ ಮಂಡ್ಯ ಮತ್ತು ರಾಮನಗರ ವಿಭಾಗಗಳ ಬಸ್ಸುಗಳು. ಮಂಡ್ಯ ವಿಭಾಗಕ್ಕೆ ಮಂಡ್ಯವಲ್ಲದೆ ಮದ್ದೂರು, ಮಳವಳ್ಳಿ, ನಾಗಮಂಗಲ, ಪಾಂಡವಪುರ, ಕೃಷ್ಣರಾಜಪೇಟೆಗಳಲ್ಲೂ ಡಿಪೊಗಳಿವೆ. ಬಸ್ಸು ಯಾರದ್ದೆಂದು ಗುರುತಿಸುವುದು ಸುಲಭ. ನೋಂದಣಿ ಫಲಕದಲ್ಲಿ ಎಫ್ ಅಕ್ಷರವಿದ್ದರೆ ಅದು ಸರ್ಕಾರಿ ನಿಗಮದ ಬಸ್ಸು. ಅದರ ಹಿಂದಿನ ಸಂಖ್ಯೆ ನೋಡಿ: ಕೆಎ 11 ಆದರೆ ಮಂಡ್ಯ, ಕೆಎ 42 ಆದರೆ ರಾಮನಗರ, ಕೆಎ 09 ಆದರೆ ಮೈಸೂರು, ಕೆಎ 57 ಆದರೆ ಬೆಂಗಳೂರು. ಒಂದು ವಿಭಾಗದ ಬಸ್ಸು ಇನ್ನೊಂದಕ್ಕೆ ವರ್ಗವಾಗುವುದುಂಟು, ಆದರೂ ಬಹುಪಾಲು ಈ ಗುರುತು ಸುಳ್ಳಾಗುವುದಿಲ್ಲ. ದೂರದಿಂದ ಬರುತ್ತಿರುವ ಕೆಂಪು ಬಸ್ಸು ಕೆಎ 11 ಎಫ್ ಎಂದು ಕಂಡರೆ ನೀವು ಕೈ ಅಡ್ಡ ಹಿಡಿಯಬಹುದು. ಕೆಎ 09 ಎಫ್ ಆಗಿ ಮುಂದೆ ‘ತಡೆರಹಿತ’ ಎಂಬ ಫಲಕವಿದ್ದರೆ ಅದಕ್ಕಾಗಿ ಓಡಿ ದಣಿಯಬೇಡಿ.

ಫಲಕವನ್ನು ಪೂರ್ತಿ ಓದುವ ಅಭ್ಯಾಸ ಮಾಡಿಕೊಳ್ಳಿ. ಊರಿನ ಹೆಸರಷ್ಟೇ ಸಾಲದು. ‘ಬೆಂಗಳೂರು–ಮಂಡ್ಯ’ ಎಂದಿದ್ದರೂ ಅದು ಬೈಪಾಸ್ ಹಿಡಿದು ಮದ್ದೂರನ್ನು ಬಿಟ್ಟು ಹೋಗಬಹುದು. ಅದೇ ಫಲಕದ ಕೆಳಗೆ ಸಣ್ಣ ಅಕ್ಷರದಲ್ಲಿ ರಾಮನಗರ, ಚನ್ನಪಟ್ಟಣ, ಮದ್ದೂರು ಎಂದು ಮಾರ್ಗದ ಊರುಗಳಿದ್ದರೆ ಅದು ಹಳೆಯ ರಸ್ತೆಯ ಬಸ್ಸು. ಸಂಶಯವಿದ್ದರೆ ಹತ್ತುವ ಮೊದಲು ನಿರ್ವಾಹಕರನ್ನು ‘ಮದ್ದೂರು ಒಳಗೆ ಹೋಗುತ್ತದೆಯೇ’ ಎಂದೇ ಕೇಳಿ. ‘ಮದ್ದೂರಿಗೆ ಹೋಗುತ್ತದೆಯೇ’ ಎಂದು ಕೇಳಿದರೆ ಹೌದೆಂಬ ಉತ್ತರ ಬಂದೀತು, ಆದರೆ ಕತ್ತಲಾದ ಮೇಲೆ ಬೈಪಾಸಿನ ಅಂಚಿನಲ್ಲಿ ಇಳಿಯಬೇಕಾದೀತು. ಅಲ್ಲಿಂದ ಊರಿಗೆ ಆಟೊ ಸಿಗುವುದು ಕಷ್ಟ. ಎಕ್ಸ್‌ಪ್ರೆಸ್‌ವೇಯ ಮುಖ್ಯ ಪಥದಲ್ಲಿ 2023ರ ಆಗಸ್ಟ್ 1ರಿಂದ ಬೈಕು, ಆಟೊಗಳಿಗೆ ಪ್ರವೇಶವಿಲ್ಲ. ಕರೆದುಕೊಂಡು ಹೋಗಲು ಬರುವ ಮನೆಯವರೂ ಸರ್ವಿಸ್ ರಸ್ತೆಯಲ್ಲೇ ನಿಲ್ಲಬೇಕು. ಮುಖ್ಯ ಪಥದ ಬೇಲಿ ದಾಟಿ ಬಸ್ಸಿಗೆ ಕೈ ಮಾಡುವ ಸಾಹಸವನ್ನು ದಯವಿಟ್ಟು ಯಾರೂ ಮಾಡಬಾರದು. ಆ ವೇಗದಲ್ಲಿ ಬರುವ ಗಾಡಿಗೆ ನೀವು ಕಾಣುವ ಹೊತ್ತಿಗೆ ತಡವಾಗಿರುತ್ತದೆ.

ಬಸ್ಸುಗಳ ದರ್ಜೆಯ ಬಗ್ಗೆ ಹೆಚ್ಚು ಹೇಳುವುದೇನಿಲ್ಲ. ರಾಜಹಂಸ, ಐರಾವತ, 2023ರ ಜನವರಿಯಲ್ಲಿ ಬೆಂಗಳೂರು–ಮೈಸೂರು ನಡುವೆ ಶುರುವಾದ ವಿದ್ಯುತ್ ಬಸ್ಸು ಇವೆಲ್ಲ ಮೈಸೂರಿನವರಿಗೆ, ದೂರದವರಿಗೆ. ಎಕ್ಸ್‌ಪ್ರೆಸ್‌ವೇಯಲ್ಲಿ ಟೋಲ್ ಶುರುವಾದ ಮೇಲೆ ಆ ದಾರಿಯ ಟಿಕೆಟ್ಟಿಗೆ ಬಳಕೆದಾರರ ಶುಲ್ಕವೂ ಸೇರಿಕೊಂಡಿತು. ದಿನವೂ ಓಡಾಡುವ ನಿಮಗೆ ಕರ್ನಾಟಕ ಸಾರಿಗೆ ಎಂಬ ಕೆಂಪು ಬಸ್ಸೇ ಸರಿ.

ಈಗ ನಿಮ್ಮ ದಾರಿಗೆ ಬರೋಣ. ಗೆಜ್ಜಲಗೆರೆಯ ಬಳಿ ರಸ್ತೆಯಲ್ಲೇ ನಿಂತು ಮಂಡ್ಯದಿಂದ ಬರುವ ಬಸ್ಸಿಗೆ ಕಾಯಬೇಡಿ. ಬೆಳಗಿನ ಹೊತ್ತು ಅದು ಮಂಡ್ಯದಲ್ಲೇ ತುಂಬಿರುತ್ತದೆ, ನಿಲ್ಲಿಸಿದರೂ ನಿಂತೇ ಪ್ರಯಾಣ ಮಾಡಬೇಕು. ಮದ್ದೂರಿಗೆ ಹೋಗಿ ಅಲ್ಲಿನ ಡಿಪೊದಿಂದಲೇ ಹೊರಡುವ ಬಸ್ಸನ್ನು ಹಿಡಿಯಿರಿ. ಖಾಲಿ ಬಸ್ಸಿನಲ್ಲಿ ಕಿಟಕಿ ಪಕ್ಕದ ಸೀಟು ಸಿಗುವುದು ಸಣ್ಣ ವಿಷಯವಲ್ಲ. ವಾರದಲ್ಲಿ ಆರು ದಿನ ಎರಡು ಗಂಟೆ ನಿಂತು ಹೋಗುವ ದೇಹ ಕೆಲವೇ ತಿಂಗಳಲ್ಲಿ ಸೋಲುತ್ತದೆ, ಆಗ ಕೆಲಸವನ್ನೇ ಬಿಡುವ ಯೋಚನೆ ಬರುತ್ತದೆ. ಕೆಲಸ ಬಿಟ್ಟ ಹೆಣ್ಣುಮಕ್ಕಳಲ್ಲಿ ಎಷ್ಟೋ ಮಂದಿ ಕೆಲಸದಿಂದಲ್ಲ, ಪ್ರಯಾಣದಿಂದ ಸೋತವರು. ಆದ್ದರಿಂದ ಸೀಟಿಗಾಗಿ ಕಾಲು ಗಂಟೆ ಮೊದಲೇ ಹೊರಡುವುದು ಲಾಭದ ಬಾಬತ್ತು.

ಬೆಂಗಳೂರಿನಲ್ಲಿ ಎಲ್ಲಿ ಇಳಿಯಬೇಕು ಎಂಬುದು ಇನ್ನೂ ಮುಖ್ಯ. ಹಳೆಯ ರೂಢಿಯಂತೆ ಎಲ್ಲರೂ ಮೈಸೂರು ರಸ್ತೆಯ ಸ್ಯಾಟಲೈಟ್ ನಿಲ್ದಾಣದವರೆಗೆ, ಇಲ್ಲವೇ ಮೆಜೆಸ್ಟಿಕ್‌ವರೆಗೆ ಕುಳಿತೇ ಹೋಗುತ್ತಾರೆ. ಕೆಂಗೇರಿ ದಾಟಿದ ಮೇಲೆ ಬೆಳಗಿನ ಹೊತ್ತು ಬಸ್ಸು ತೆವಳುತ್ತದೆ. ಎಕ್ಸ್‌ಪ್ರೆಸ್‌ವೇಯಲ್ಲಿ ಉಳಿಸಿದ ಸಮಯವನ್ನೆಲ್ಲ ಮೈಸೂರಿನ ಬಸ್ಸುಗಳೂ ಇಲ್ಲೇ ಕಳೆದುಕೊಳ್ಳುತ್ತವೆ. ನೀವು ಕೆಂಗೇರಿಯಲ್ಲೇ ಇಳಿದುಬಿಡಿ. ನೇರಳೆ ಮಾರ್ಗದ ಮೆಟ್ರೊ 2021ರ ಆಗಸ್ಟ್‌ನಲ್ಲಿ ಕೆಂಗೇರಿಗೆ ಬಂತು, 2023ರ ಅಕ್ಟೋಬರ್‌ನಲ್ಲಿ ಚಲ್ಲಘಟ್ಟದವರೆಗೂ ಆ ತುದಿಯಲ್ಲಿ ವೈಟ್‌ಫೀಲ್ಡ್‌ವರೆಗೂ ಒಂದೇ ಮಾರ್ಗವಾಗಿ ಪೂರ್ತಿಯಾಯಿತು. ಕೆಂಗೇರಿ ಬಸ್ ಟರ್ಮಿನಲ್ ಎಂಬ ಹೆಸರಿನ ಮೆಟ್ರೊ ನಿಲ್ದಾಣವೇ ಇದೆ. ಅಲ್ಲಿ ಹತ್ತಿದರೆ ಎಲ್ಲೂ ಗಾಡಿ ಬದಲಿಸದೆ ಇಂದಿರಾನಗರದಲ್ಲಿ ಇಳಿಯಬಹುದು. ಮುಕ್ಕಾಲು ಗಂಟೆಯಿಂದ ಒಂದು ಗಂಟೆಯೊಳಗಿನ ಪ್ರಯಾಣ. ಮಾರ್ಗದ ಆರಂಭಕ್ಕೆ ಹತ್ತಿರವಾದ್ದರಿಂದ ಸೀಟು ಸಿಗುವ ಸಾಧ್ಯತೆಯೂ ಹೆಚ್ಚು. ಮೆಜೆಸ್ಟಿಕ್‌ನಲ್ಲಿ ಹತ್ತಿದರೆ ಆ ಹೊತ್ತಿನಲ್ಲಿ ಕಾಲಿಡಲೂ ಜಾಗವಿರುವುದಿಲ್ಲ.

ಹತ್ತಕ್ಕೆ ಕಚೇರಿಯಲ್ಲಿರಬೇಕಾದರೆ ಮದ್ದೂರನ್ನು ಆರೂವರೆಯ ಆಸುಪಾಸಿನಲ್ಲಿ ಬಿಡಬೇಕು. ಮನೆಯಿಂದ ಕಚೇರಿಗೆ ಮೂರು ಗಂಟೆಗೂ ಮಿಕ್ಕಿ ಹಿಡಿಯುತ್ತದೆ ಎಂದೇ ಲೆಕ್ಕ ಇಟ್ಟುಕೊಳ್ಳಿ. ಬಂದು ಹೋಗಲು ದಿನಕ್ಕೆ ಆರು, ಆರೂವರೆ ಗಂಟೆ. ಇದನ್ನು ಮುಚ್ಚಿಟ್ಟು ಧೈರ್ಯ ಹೇಳುವುದು ನ್ಯಾಯವಲ್ಲ. ಆರು ತಿಂಗಳು ಹೀಗೆ ನಡೆಸಬಹುದು. ಆಮೇಲೆ ಸಂಬಳದಲ್ಲಿ ಸ್ವಲ್ಪ ಉಳಿತಾಯವಾದಾಗ ಕೆಂಗೇರಿಯ ಆಸುಪಾಸಿನಲ್ಲಿ ಜೊತೆಗಾರ್ತಿಯರೊಂದಿಗೆ ಕೋಣೆ ಹಿಡಿದು ವಾರಕ್ಕೊಮ್ಮೆ ಊರಿಗೆ ಬರುವ ಏರ್ಪಾಡನ್ನು ಯೋಚಿಸಿ. ಕಚೇರಿಯವರು ವಾರದಲ್ಲಿ ಒಂದೆರಡು ದಿನ ಮನೆಯಿಂದ ಕೆಲಸಕ್ಕೆ ಒಪ್ಪಿದರೆ ಸೋಮವಾರವನ್ನು ಅದಕ್ಕೆ ಕೇಳಿಕೊಳ್ಳಿ. ಭಾನುವಾರ ಊರಲ್ಲಿದ್ದವರೆಲ್ಲ ಬೆಂಗಳೂರಿಗೆ ಮರಳುವ ಸೋಮವಾರದ ಬೆಳಿಗ್ಗೆ ಈ ಮಾರ್ಗದಲ್ಲಿ ವಾರದ ಕಷ್ಟದ ಹೊತ್ತು.

ಖರ್ಚಿನ ಮಾತು. 2023ರ ಜೂನ್ 11ರಂದು ಜಾರಿಯಾದ ಶಕ್ತಿ ಯೋಜನೆಯಿಂದ ರಾಜ್ಯದ ಹೆಣ್ಣುಮಕ್ಕಳಿಗೆ ಕೆಂಪು ಬಸ್ಸಿನಲ್ಲಿ ಟಿಕೆಟ್ ದರವಿಲ್ಲ. ರಾಜಹಂಸ, ಐರಾವತದಂಥವುಗಳಿಗೆ ಇದು ಅನ್ವಯಿಸುವುದಿಲ್ಲ. ಕರ್ನಾಟಕದ ವಿಳಾಸವಿರುವ ಗುರುತಿನ ಚೀಟಿ ಜೊತೆಗಿರಲಿ. ಹಾಗಾಗಿ ನಿಮ್ಮ ತಿಂಗಳ ಖರ್ಚೆಂದರೆ ಮೆಟ್ರೊ. 2025ರ ಫೆಬ್ರುವರಿಯ ಪರಿಷ್ಕರಣೆಯಲ್ಲಿ ಮೆಟ್ರೊದ ಗರಿಷ್ಠ ದರ 90 ರೂಪಾಯಿಗೆ ಏರಿತು. ಕೆಂಗೇರಿಯಿಂದ ಇಂದಿರಾನಗರದಷ್ಟು ದೂರಕ್ಕೆ ಕೊಡುವುದೂ ಕಡಿಮೆಯೇನಲ್ಲ. ಇಲ್ಲಿ ಒಂದು ಉಪಾಯವಿದೆ. ಬಿಎಂಟಿಸಿಯ ಸಾಮಾನ್ಯ ಬಸ್ಸುಗಳಿಗೂ ಶಕ್ತಿ ಯೋಜನೆ ಅನ್ವಯಿಸುತ್ತದೆ. ಬೆಳಿಗ್ಗೆ ಹೊತ್ತಿಗೆ ಸರಿಯಾಗಿ ತಲುಪಬೇಕಾದಾಗ ಮೆಟ್ರೊ ಹಿಡಿಯಿರಿ, ಸಂಜೆ ಅವಸರವಿಲ್ಲದ ದಿನ ಮೆಜೆಸ್ಟಿಕ್ ಮೂಲಕ ಬಿಎಂಟಿಸಿಯಲ್ಲಿ ಬನ್ನಿ. ತಿಂಗಳ ಕೊನೆಗೆ ಉಳಿತಾಯ ಕಣ್ಣಿಗೆ ಕಾಣುವಷ್ಟಾಗುತ್ತದೆ.

ಶಕ್ತಿ ಯೋಜನೆಯಲ್ಲಿ ನಿರ್ವಾಹಕರು ಹೆಣ್ಣುಮಕ್ಕಳಿಗೆ ಕೊಡುವ ಶೂನ್ಯ ದರದ ಟಿಕೆಟ್ ಬಗ್ಗೆ ಇನ್ನೊಂದು ಮಾತು ಹೇಳಲೇಬೇಕು. ಗದ್ದಲದಲ್ಲಿ ಎಷ್ಟೋ ಜನ ಹೆಣ್ಣುಮಕ್ಕಳು ‘ದುಡ್ಡಿಲ್ಲವಲ್ಲ, ಚೀಟಿ ಯಾಕೆ’ ಎಂದು ಟಿಕೆಟ್ ಪಡೆಯದೆ ಕುಳಿತುಬಿಡುತ್ತಾರೆ. ತನಿಖೆಯವರು ಹತ್ತಿದರೆ ತೊಂದರೆ, ಅದು ಒಂದು ಕಡೆ. ಅದಕ್ಕಿಂತ ದೊಡ್ಡ ನಷ್ಟ ಬೇರೆ ಇದೆ. ನಿರ್ವಾಹಕರ ಕೈಯಲ್ಲಿರುವ ಟಿಕೆಟ್ ಯಂತ್ರದಲ್ಲಿ ನೀವು ಹತ್ತಿದ ಹಂತ, ಇಳಿಯುವ ಹಂತ, ಹೊತ್ತು ಎಲ್ಲವೂ ದಾಖಲಾಗುತ್ತದೆ. ಉಚಿತ ಪ್ರಯಾಣದ ಹಣವನ್ನು ಸರ್ಕಾರ ನಿಗಮಕ್ಕೆ ತುಂಬಿಕೊಡುವುದು ಈ ಚೀಟಿಗಳ ಲೆಕ್ಕದ ಮೇಲೆ. ಮುಂದೆ ‘ಮದ್ದೂರಿನಿಂದ ಬೆಳಗಿನ ಬಸ್ಸು ಹೆಚ್ಚಿಸಿ’ ಎಂದು ನೀವು ಅರ್ಜಿ ಕೊಟ್ಟಾಗ ಅಧಿಕಾರಿಗಳು ತೆಗೆದು ನೋಡುವುದೂ ಇದೇ ಲೆಕ್ಕವನ್ನು. ಚೀಟಿ ಪಡೆಯದೆ ಪ್ರಯಾಣ ಮಾಡಿದವರು ಆ ಪುಸ್ತಕದಲ್ಲಿ ಇಲ್ಲವೇ ಇಲ್ಲ. ತುಂಬಿ ತುಳುಕಿದ ಬಸ್ಸು ಕಾಗದದ ಮೇಲೆ ಅರ್ಧ ಖಾಲಿ ಓಡಿದಂತೆ ಕಾಣುತ್ತದೆ. ದಯವಿಟ್ಟು ಪ್ರತಿ ಸಲವೂ ಚೀಟಿ ಕೇಳಿ ಪಡೆಯಿರಿ, ಜೊತೆಯವರಿಗೂ ಹೇಳಿ. ಹತ್ತಿದ ಊರು ಸರಿಯಾಗಿ ಅಚ್ಚಾಗಿದೆಯೇ ನೋಡಿಕೊಳ್ಳಿ.

ಸಂಜೆಯ ಬಸ್ಸು ಬೆಳಗಿನದಕ್ಕಿಂತ ಕಷ್ಟ. ಬೆಳಿಗ್ಗೆ ನಿಮ್ಮನ್ನು ಕರೆದುಕೊಂಡು ಹೋದ ಬಸ್ಸೇ ಸಂಜೆ ವಾಪಸು ಕರೆತರಬಾರದೇ ಎಂದು ತುಂಬಾ ಜನ ಕೇಳುತ್ತಾರೆ. 1961ರ ಮೋಟಾರು ಸಾರಿಗೆ ಕಾರ್ಮಿಕರ ಕಾಯ್ದೆಯ ಪ್ರಕಾರ ಚಾಲಕ, ನಿರ್ವಾಹಕರಿಗೆ ಸಾಮಾನ್ಯವಾಗಿ ದಿನಕ್ಕೆ 8 ಗಂಟೆಯ ಕೆಲಸ. ನಡುವಿನ ವಿಶ್ರಾಂತಿಯೂ ಸೇರಿ ಕೆಲಸದ ಆರಂಭದಿಂದ ಕೊನೆಯವರೆಗೆ 12 ಗಂಟೆ ಮೀರಬಾರದು. ಬೆಳಿಗ್ಗೆ ಐದೂವರೆಗೆ ಡಿಪೊಗೆ ಬಂದ ಚಾಲಕನನ್ನು ಸಂಜೆ ಏಳಕ್ಕೆ ಬೆಂಗಳೂರಿನಿಂದ ಹೊರಡಿಸಲು ಕಾನೂನು ಒಪ್ಪುವುದಿಲ್ಲ, ಒಪ್ಪಬಾರದು ಕೂಡ. ನೂರು ಜನರ ಜೀವ ಅವರ ಕಣ್ಣಿನ ಎಚ್ಚರದ ಮೇಲೆ ನಿಂತಿದೆ. ಹಾಗಾಗಿ ಬೆಳಗಿನ ಬಸ್ಸು ಮಧ್ಯಾಹ್ನವೇ ಮದ್ದೂರಿಗೆ ಮರಳುತ್ತದೆ. ಸಂಜೆ ನಿಮಗೆ ಸಿಗುವುದು ಇನ್ನೊಂದು ಅನುಸೂಚಿಯ, ಅಂದರೆ ಬೇರೆ ಸಿಬ್ಬಂದಿಯ ಬೇರೆ ಸರದಿಯ ಬಸ್ಸು, ಬಹುಶಃ ಬೇರೆ ಡಿಪೊದ್ದು. ಬೆಳಗಿನ ಬಸ್ಸು ಪಕ್ಕಾ ಇದ್ದರೂ ಸಂಜೆಯದು ಏರುಪೇರಾಗುವುದಕ್ಕೆ ಕಾರಣ ಇದೇ.

ಸಂಜೆ ಆರರಿಂದ ಎಂಟರವರೆಗೆ ಕೆಂಗೇರಿಯಲ್ಲಿ ನಿಂತು ಸೀಟು ನಿರೀಕ್ಷಿಸುವುದು ವ್ಯರ್ಥ. ಬಸ್ಸು ಸ್ಯಾಟಲೈಟ್ ನಿಲ್ದಾಣದಲ್ಲೇ ತುಂಬುತ್ತದೆ. ಅಲ್ಲಿ ಒಮ್ಮೆ ನಿಂತು ನೋಡಿ: ಬಸ್ಸು ಇನ್ನೂ ಅಂಕಣಕ್ಕೆ ಬಂದು ನಿಂತಿರುವುದಿಲ್ಲ, ಅಷ್ಟರಲ್ಲೇ ಕಿಟಕಿಯಿಂದ ಟವೆಲ್ಲು, ಊಟದ ಚೀಲ, ಕೊಡೆ ಒಳಗೆ ಬಿದ್ದಿರುತ್ತವೆ. ಇಳಿಯುವವರಿಗೆ ದಾರಿ ಬಿಡದೆ ಹತ್ತುವವರ ನೂಕುನುಗ್ಗಲು. ಆದ್ದರಿಂದ ಸಂಜೆ ಮಾತ್ರ ಮೆಟ್ರೊದಲ್ಲಿ ಕೆಂಗೇರಿವರೆಗೆ ಹೋಗದೆ ದೀಪಾಂಜಲಿ ನಗರದಲ್ಲಿ ಇಳಿದು ಸ್ಯಾಟಲೈಟ್ ನಿಲ್ದಾಣಕ್ಕೆ ನಡೆಯಿರಿ. ಮಂಡ್ಯ, ಮದ್ದೂರು ಫಲಕದ ಬಸ್ಸುಗಳು ಯಾವ ಅಂಕಣಕ್ಕೆ ಬರುತ್ತವೆ ಎಂದು ಸಂಚಾರ ನಿಯಂತ್ರಕರನ್ನು ಮೊದಲ ದಿನವೇ ಕೇಳಿಟ್ಟುಕೊಳ್ಳಿ. ಅವರ ಬಳಿ ಕೊನೆಯ ಬಸ್ಸಿನ ಹೊತ್ತನ್ನೂ ವಿಚಾರಿಸಿ. ಮೊಬೈಲಿನಲ್ಲಿ ಕಾಣುವ ವೇಳಾಪಟ್ಟಿಯಲ್ಲಿ ಮುಂಗಡ ಕಾಯ್ದಿರಿಸುವ ಬಸ್ಸುಗಳೇ ಹೆಚ್ಚಿರುತ್ತವೆ, ನಿಮ್ಮ ಕೆಂಪು ಬಸ್ಸಿನ ನಿಜವಾದ ಹೊತ್ತು ಗೊತ್ತಿರುವುದು ಅವರಿಗೇ.

ರೈಲಿನ ವಿಷಯಕ್ಕೆ ಬಂದರೆ, ಮದ್ದೂರಿನವರು ಅದನ್ನು ಕಡೆಗಣಿಸಬಾರದು. ಬೆಂಗಳೂರು–ಮೈಸೂರು ನಡುವೆ ಈಗ ಜೋಡಿ ಹಳಿ, ವಿದ್ಯುತ್ ಮಾರ್ಗ. ಬೆಳಿಗ್ಗೆ ಮೈಸೂರಿನಿಂದ ಹೊರಟು ಸಂಜೆ ಬೆಂಗಳೂರಿನಿಂದ ಮರಳುವ ಚಾಮುಂಡಿ ಎಕ್ಸ್‌ಪ್ರೆಸ್ಸು ನೌಕರರ ರೈಲೆಂದೇ ಹೆಸರಾದದ್ದು. ಬೆಂಗಳೂರು ಮುಖ್ಯ ನಿಲ್ದಾಣದಲ್ಲಿ ಇಳಿದರೆ ಪಕ್ಕದಲ್ಲೇ ನೇರಳೆ ಮಾರ್ಗದ ಮೆಟ್ರೊ. 150 ಕಿ.ಮೀ. ಒಳಗಿನ ದೂರಕ್ಕೆ ರೈಲ್ವೆಯವರು ಕೊಡುವ ತಿಂಗಳ ಸೀಸನ್ ಟಿಕೆಟ್ ಬಸ್ಸಿನ ಯಾವ ಪಾಸಿಗಿಂತಲೂ ಅಗ್ಗ. ಆದರೆ ರೈಲು ತಪ್ಪಿದರೆ ಹಿಂದೆಯೇ ಇನ್ನೊಂದು ಸಿಗುವುದಿಲ್ಲ, ಹತ್ತುವ ಹೊತ್ತಿಗೆ ಮಂಡ್ಯದವರು ಬೋಗಿ ತುಂಬಿಸಿರುತ್ತಾರೆ. ನನ್ನ ಸಲಹೆ ಇದು: ಬೆಳಿಗ್ಗೆ ಬಸ್ಸು, ಸಂಜೆ ರೈಲು. ಸಂಜೆಯ ಬಸ್ಸಿನ ಅನಿಶ್ಚಯಕ್ಕೆ ಸಂಜೆಯ ರೈಲು ಸರಿಯಾದ ಮದ್ದು. ಆದರೆ ನಿಮ್ಮ ಕಚೇರಿ ಬಿಡುವ ಹೊತ್ತಿಗೂ ರೈಲು ಹೊರಡುವ ಹೊತ್ತಿಗೂ ನಡುವೆ ಕನಿಷ್ಠ ಒಂದು ಗಂಟೆಯಾದರೂ ಇರಬೇಕು. ಹಳ್ಳಿ ಹನಕೆರೆಯ ಕಡೆಗಿದ್ದರೆ ಮೆಮು ರೈಲು, ಅಂದರೆ ಸಣ್ಣ ನಿಲ್ದಾಣಗಳಲ್ಲೂ ನಿಲ್ಲುವ ಸ್ಥಳೀಯ ವಿದ್ಯುತ್ ರೈಲು, ಅಲ್ಲಿಯೂ ನಿಲ್ಲುತ್ತದೆಯೇ ಎಂದು ವೇಳಾಪಟ್ಟಿ ನೋಡಿ.

ಖಾಸಗಿ ಗಾಡಿಯ ಪ್ರಶ್ನೆಗೆ ನೇರ ಉತ್ತರ: ಬೇಡ. ಇದಕ್ಕೆ ಹಿನ್ನೆಲೆಯಿದೆ. ಮೈಸೂರು ಸಂಸ್ಥಾನದಲ್ಲಿ 1948ರ ಸೆಪ್ಟೆಂಬರ್ 12ರಂದು 120 ಬಸ್ಸುಗಳೊಂದಿಗೆ ಸರ್ಕಾರಿ ಸಾರಿಗೆ ಇಲಾಖೆ ಶುರುವಾಯಿತು. 1961ರಲ್ಲಿ ಅದು ನಿಗಮವಾಯಿತು. ಬರಬರುತ್ತ ಈ ಭಾಗದ ಮುಖ್ಯ ಮಾರ್ಗಗಳೆಲ್ಲ ರಾಷ್ಟ್ರೀಕರಣಗೊಂಡವು. ಆಗ ಕೆಲವರು ಮದುವೆ, ಪ್ರವಾಸಕ್ಕೆಂದು ಪರವಾನಗಿ ಪಡೆದ ಒಪ್ಪಂದದ ವಾಹನಗಳನ್ನು ದಾರಿಯುದ್ದಕ್ಕೂ ಜನರನ್ನು ಹತ್ತಿಸಿಕೊಂಡು ಮಾರ್ಗದ ಬಸ್ಸಿನಂತೆ ಓಡಿಸತೊಡಗಿದರು. ಅದನ್ನು ತಡೆಯಲು ರಾಜ್ಯ 1976ರಲ್ಲಿ ಅಂಥ ವಾಹನಗಳನ್ನೇ ವಶಪಡಿಸಿಕೊಳ್ಳುವ ಕಾಯ್ದೆ ತಂದಿತು. 1977ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ಎತ್ತಿಹಿಡಿಯಿತು. ಮುಂದೆ ಆ ಕಾಯ್ದೆ ರದ್ದಾದರೂ ಮೂಲ ವ್ಯತ್ಯಾಸ 1988ರ ಮೋಟಾರು ವಾಹನಗಳ ಕಾಯ್ದೆಯಲ್ಲಿ ಉಳಿದಿದೆ. ನಡುದಾರಿಯಲ್ಲಿ ಹತ್ತಿಸಿ ಇಳಿಸಿ ತಲೆಗಿಷ್ಟು ಎಂದು ದರ ಪಡೆಯುವ ಅಧಿಕಾರ ಮಾರ್ಗ ಪರವಾನಗಿ ಇರುವ ಬಸ್ಸಿಗೆ ಮಾತ್ರ.

ಮಂಡ್ಯ ಜಿಲ್ಲೆಯ ಒಳಮಾರ್ಗಗಳಲ್ಲಿ ಅಂಥ ಪರವಾನಗಿ ಪಡೆದ ಖಾಸಗಿ ಬಸ್ಸುಗಳು ಇಂದಿಗೂ ಇವೆ, ಸರ್ಕಾರಿ ಬಸ್ಸು ಕಾಣದ ಎಷ್ಟೋ ಹಳ್ಳಿಗಳಿಗೆ ಅವೇ ಆಧಾರ. ಅವುಗಳನ್ನು ಹತ್ತಬೇಡಿ ಎಂದು ನಾನು ಹೇಳುವುದಿಲ್ಲ. ಆದರೆ 2018ರ ನವೆಂಬರ್ 24ರಂದು ಪಾಂಡವಪುರ ತಾಲ್ಲೂಕಿನ ಕನಗನಮರಡಿಯ ಬಳಿ ಖಾಸಗಿ ಬಸ್ಸೊಂದು ವಿಶ್ವೇಶ್ವರಯ್ಯ ನಾಲೆಗೆ ಉರುಳಿ 30 ಜೀವ ಹೋದದ್ದನ್ನು ಈ ಜಿಲ್ಲೆಯವರು ಮರೆಯುವಂತಿಲ್ಲ. ಬಸ್ಸು ಯಾರದ್ದೇ ಇರಲಿ, ಬಾಗಿಲಲ್ಲಿ ಜೋತು ಬೀಳುವಷ್ಟು ತುಂಬಿದ್ದರೆ ಬಿಟ್ಟುಬಿಡಿ. ನೀವು ಕೇಳಿದ್ದು ಮಾತ್ರ ಇವುಗಳ ಬಗ್ಗೆಯಲ್ಲ. ಬಿಳಿ ಫಲಕದ ಕಾರು, ಬೇರೆ ಕೆಲಸಕ್ಕೆ ಪರವಾನಗಿ ಪಡೆದ ಟೆಂಪೊಗಳು ಮುಂಜಾನೆ ಜನ ತುಂಬಿಕೊಂಡು ಹೋಗುವ ಬಗ್ಗೆ. ಸ್ವಂತ ಬಳಕೆಗೆ ನೋಂದಣಿಯಾದ ಕಾರನ್ನು ಬಾಡಿಗೆಗೆ ಓಡಿಸುವುದು ಕಾನೂನಿನ ಉಲ್ಲಂಘನೆ. ಅಪಘಾತವಾದರೆ ಪರಿಹಾರದ ಅರ್ಜಿಗೆ ವಿಮೆ ಕಂಪನಿ ಎತ್ತುವ ಮೊದಲ ತಕರಾರು ಅದೇ. ಮನೆಗೆ ಆಧಾರವಾಗಲು ಹೊರಟವರು ಇಂಥ ಗಾಡಿಯಲ್ಲಿ ದಿನವೂ ಕೂರಬಾರದು.

ಇನ್ನು ನೀವು ಕೇಳದೆ ಬಿಟ್ಟ, ಆದರೆ ಎಲ್ಲಕ್ಕಿಂತ ಮುಖ್ಯವಾದ ಮಾತು. ಹಳ್ಳಿಯಿಂದ ಮದ್ದೂರಿಗೆ ಬೆಳಿಗ್ಗೆ ಆರಕ್ಕೆ ಹೇಗೆ ಬರುತ್ತೀರಿ? ಹೆದ್ದಾರಿಯಿಂದ ಒಳಗಿರುವ ಊರುಗಳಿಗೆ ಇದಕ್ಕೆ ಇರುವ ವ್ಯವಸ್ಥೆ ರಾತ್ರಿ ತಂಗುವ ಬಸ್ಸು. ರಾತ್ರಿ ಕೊನೆಯ ಸುತ್ತಿಗೆ ಬಂದ ಬಸ್ಸು ಊರಲ್ಲೇ ನಿಂತು, ಚಾಲಕ ನಿರ್ವಾಹಕರು ಅಲ್ಲೇ ಮಲಗಿ, ಬೆಳಗಿನ ಜಾವ ಅದೇ ಬಸ್ಸು ಪಟ್ಟಣಕ್ಕೆ ಹೊರಡುತ್ತದೆ. ಹಾಲು, ಹೂವು, ತರಕಾರಿ, ಕಾಲೇಜಿನ ಮಕ್ಕಳು, ಆಸ್ಪತ್ರೆಗೆ ಹೋಗುವ ಮುದುಕರು ಎಲ್ಲ ಅದರಲ್ಲೇ. ತೊಂದರೆ ಏನೆಂದರೆ ಆ ಬಸ್ಸು ಪಟ್ಟಣ ತಲುಪುವ ಹೊತ್ತನ್ನು ಬೆಂಗಳೂರು ಬಸ್ಸು ಹೊರಡುವ ಹೊತ್ತಿಗೆ ಹೊಂದಿಸುವ ಯೋಚನೆಯನ್ನು ಸಾಮಾನ್ಯವಾಗಿ ಯಾರೂ ಮಾಡಿರುವುದಿಲ್ಲ. ಹಳ್ಳಿ ಬಸ್ಸು ನಿಲ್ದಾಣದ ಒಳಗೆ ತಿರುಗುವಾಗಲೇ ಬೆಂಗಳೂರು ಬಸ್ಸು ಹೊರಗೆ ಹೋಗುತ್ತಿರುತ್ತದೆ. ಹತ್ತು ನಿಮಿಷ ಆಚೀಚೆ ಮಾಡಿದರೆ ಊರಿನ ಹತ್ತಾರು ಜನರ ಬದುಕು ಸಲೀಸಾಗುತ್ತದೆ. ಇದಕ್ಕೆ ಹೊಸ ಬಸ್ಸು ಬೇಡ, ಹೊಸ ಚಾಲಕ ಬೇಡ, ಒಂದು ಪೈಸೆಯ ಖರ್ಚೂ ಇಲ್ಲ.

ಆದ್ದರಿಂದ ಅರ್ಜಿ ಬರೆಯುವಾಗ ‘ನಮ್ಮೂರಿಗೆ ಹೆಚ್ಚು ಬಸ್ಸು ಬಿಡಿ’ ಎಂದು ಬರೆಯಬೇಡಿ. ಅಂಥ ಅರ್ಜಿಗಳು ಕಟ್ಟುಗಟ್ಟಲೆ ಬಂದು ಬೀಳುತ್ತವೆ, ಅದಕ್ಕೆ ‘ಬಸ್ಸುಗಳ ಕೊರತೆಯಿದೆ’ ಎಂಬ ಉತ್ತರವೂ ಸಿದ್ಧವಾಗಿರುತ್ತದೆ. ಇಂಥ ಊರಿನಿಂದ ಹೊರಡುವ ಇಂಥ ಬಸ್ಸು ಮದ್ದೂರು ತಲುಪುವ ಹೊತ್ತು ಇಷ್ಟು, ಬೆಂಗಳೂರು ಬಸ್ಸು ಹೊರಡುವ ಹೊತ್ತು ಇಷ್ಟು, ಇದನ್ನು ಇಷ್ಟು ನಿಮಿಷ ಹಿಂದೆ ಮುಂದೆ ಮಾಡಿದರೆ ಇಷ್ಟು ಮಂದಿಗೆ ಅನುಕೂಲ ಎಂದು ಬರೆಯಿರಿ. ಜೊತೆಗೆ ದಿನವೂ ಹೋಗುವವರ ಹೆಸರು, ಹತ್ತುವ ಊರು, ಇಳಿಯುವ ಊರು, ಮರಳುವ ಹೊತ್ತು ಬರೆದು ಸಹಿ ಹಾಕಿಸಿ. ಹೆಣ್ಣುಮಕ್ಕಳ ಸಂಖ್ಯೆಯನ್ನು ಬೇರೆಯಾಗಿ ತೋರಿಸಿ. ಒಂದು ಪ್ರತಿ ಮದ್ದೂರು ಘಟಕ ವ್ಯವಸ್ಥಾಪಕರಿಗೆ, ಇನ್ನೊಂದು ಮಂಡ್ಯದ ವಿಭಾಗೀಯ ನಿಯಂತ್ರಣಾಧಿಕಾರಿಗಳಿಗೆ. ಕೈಗೆ ಕೊಟ್ಟು ಸ್ವೀಕೃತಿ ಮುದ್ರೆ ಪಡೆಯಿರಿ. ಬೈಪಾಸಿನಲ್ಲಿ ಹೋಗುವ ಮೈಸೂರು ಬಸ್ಸುಗಳಲ್ಲಿ ಬೆಳಿಗ್ಗೆ, ಸಂಜೆ ಒಂದೆರಡನ್ನಾದರೂ ಮದ್ದೂರಿನೊಳಗೆ ತಿರುಗಿಸಿ ಎಂಬ ಬೇಡಿಕೆ ಇದ್ದರೆ ಅದನ್ನು ಬೇರೆ ಅರ್ಜಿಯಾಗಿ ಬರೆಯಿರಿ. ಅದು ಮಂಡ್ಯ ವಿಭಾಗದ ಕೈಯಲ್ಲಿಲ್ಲ, ಬಸ್ಸಿನ ಒಡೆತನವಿರುವ ವಿಭಾಗಕ್ಕೂ ಶಾಂತಿನಗರದ ಕೇಂದ್ರ ಕಚೇರಿಗೂ ಹೋಗಬೇಕಾದದ್ದು. ಎರಡನ್ನೂ ಒಂದೇ ಕಾಗದದಲ್ಲಿ ಬರೆದರೆ ಸುಲಭವಾದ ಕೆಲಸವೂ ಕಠಿಣವಾದದ್ದರ ಜೊತೆ ಮೂಲೆ ಸೇರುತ್ತದೆ.

ನಿಮ್ಮಂತೆಯೇ ಬೇರೆ ತಾಲ್ಲೂಕುಗಳಿಂದಲೂ ಜನ ಕೇಳುತ್ತಾರೆ, ಅವರಿಗೂ ಎರಡು ಮಾತು. ಮಳವಳ್ಳಿ, ಹಲಗೂರಿನವರು ಮದ್ದೂರಿಗೆ ಬಂದು ಸೇರಬೇಕಾಗಿಲ್ಲ. ಕನಕಪುರದ ಮೇಲೆ ಹೋಗುವ ಬಸ್ಸು ಹಿಡಿದು ಬೆಂಗಳೂರಿನ ಅಂಚಿನ ರೇಷ್ಮೆ ಸಂಸ್ಥೆ ನಿಲ್ದಾಣದಲ್ಲಿ ಹಸಿರು ಮಾರ್ಗದ ಮೆಟ್ರೊ ಹತ್ತಬಹುದು, ಆ ಭಾಗ 2021ರ ಜನವರಿಯಿಂದಲೇ ಓಡುತ್ತಿದೆ. ನಾಗಮಂಗಲದವರಿಗೆ ಬೆಳ್ಳೂರು ಕ್ರಾಸ್, ಕುಣಿಗಲ್, ನೆಲಮಂಗಲದ ದಾರಿ. ಅದೇ ಹಸಿರು ಮಾರ್ಗದ ಇನ್ನೊಂದು ತುದಿ 2024ರ ನವೆಂಬರ್‌ನಲ್ಲಿ ಮಾದಾವರದವರೆಗೆ ಬಂದಿದೆ.

ಕೊನೆಯದಾಗಿ ನಿಮ್ಮ ತಮ್ಮನ ವಿಷಯ. ಬಿಡದಿಗೂ ಬೈಪಾಸ್ ಇರುವುದರಿಂದ ಅವನೂ ಹಳೆಯ ರಸ್ತೆಯ ಬಸ್ಸನ್ನೇ ಹಿಡಿಯಬೇಕು. ಮದ್ದೂರಿನಿಂದ ನೇರ ಬಸ್ಸು ಸಿಗದ ದಿನ ರಾಮನಗರದವರೆಗೆ ಹೋಗಿ ಅಲ್ಲಿ ಕೆಎ 42ರ ಬಸ್ಸಿಗೆ ಬದಲಾಯಿಸಿಕೊಳ್ಳಲಿ, ಅಲ್ಲಿಂದ ಬಿಡದಿಗೆ ಬಸ್ಸುಗಳು ಹೆಚ್ಚು. ಬೆಂಗಳೂರಿನ ಕಡೆಯಿಂದ ಬಿಡದಿಗೆ ಬರುವ ಬಿಎಂಟಿಸಿ ಬಸ್ಸುಗಳು ಅವನಿಗೆ ಉಪಯೋಗವಿಲ್ಲ, ಅದರ ಪಾಸು ಕೂಡ ಈ ಕೆಂಪು ಬಸ್ಸುಗಳಲ್ಲಿ ನಡೆಯುವುದಿಲ್ಲ. ಕಾರ್ಖಾನೆಯೇ ತನ್ನ ಕೆಲಸಗಾರರಿಗೆಂದು ಗೊತ್ತುಮಾಡಿದ ಬಸ್ಸಿದ್ದರೆ ಅದು ಕಾನೂನುಬದ್ಧವಾದ ಒಪ್ಪಂದದ ವಾಹನ, ಅದರಲ್ಲಿ ನಿಶ್ಚಿಂತೆಯಿಂದ ಹೋಗಲಿ. ಇಲ್ಲದಿದ್ದರೆ ತಿಂಗಳ ಪಾಸಿನ ಬಗ್ಗೆ ಮದ್ದೂರು ನಿಲ್ದಾಣದಲ್ಲಿ ವಿಚಾರಿಸಲಿ. 2025ರ ಜನವರಿಯಲ್ಲಿ ಬಸ್ ದರ ಶೇ 15ರಷ್ಟು ಏರಿದ ಮೇಲೆ ದಿನದಿನದ ಟಿಕೆಟ್ಟಿಗೆ ದುಡ್ಡು ಕೊಡುತ್ತಾ ಹೋಗುವುದು ಗಂಡಸರಿಗೆ ಹೊರೆಯೇ. ಪಾಸು ಮಾಡಿಸುವಾಗ ಇಳಿಯುವ ಹಂತ ಬಿಡದಿ ಎಂದೇ ನಮೂದಾಗಿದೆಯೇ, ಯಾವ ದರ್ಜೆಯ ಬಸ್ಸಿಗೆ ಅನ್ವಯಿಸುತ್ತದೆ ಎಂದು ಬರೆದಿದೆಯೇ ನೋಡಿಕೊಳ್ಳಲಿ. ಪಾಳಿ ಬದಲಾಗುವ ಕೆಲಸವಾದರೆ ರಾತ್ರಿ ಪಾಳಿಯ ವಾರಗಳಲ್ಲಿ ಬಿಡದಿಯಲ್ಲಿ ನಿಲ್ಲುವ ಮೆಮು ರೈಲಿನ ಹೊತ್ತನ್ನೂ ಬರೆದಿಟ್ಟುಕೊಂಡಿರಲಿ.